ವಿಮಾನಪ್ಪನ ಆಯಿಲ್ ಪ್ರಕರಣ

ವಿಮಾನಪ್ಪ ಎಂಬುದು ಅವರ ನಿಜವಾದ ಹೆಸರಲ್ಲ. ಹೆತ್ತವರು ಇಟ್ಟ ಹೆಸರೊಂದು ಇತ್ತು, ಆದರೆ ಅದು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಸೋದರಮಾವ ಕಣ್ಣು ಮುಚ್ಚುವ ಮುಂಚೆ ತನ್ನ ಹಳೇ ಎರಡು ಸೀಟಿನ ವಿಮಾನವನ್ನು ಇವರ ತಲೆಗೆ ಕಟ್ಟಿ ಹೋದ. ಆವತ್ತಿನಿಂದ ಬೀದಿಯವರೆಲ್ಲ ಸೇರಿ ಹೊಸ ಹೆಸರಿಟ್ಟುಬಿಟ್ಟರು. ಹಾಗಂತ ಅವರು ಹಾರಿದವರೇನೂ ಅಲ್ಲ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ ಸಾಕು, ಗೋಡೆ ಹಿಡಿದುಕೊಳ್ಳುವ ಜಾತಿ. ಹಾರುವವಳು ಅವರ ಮಗಳು.

ಹೊಟ್ಟೆಪಾಡಿಗೆ ವಿಮಾನಪ್ಪನವರು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಗುಮಾಸ್ತರಾಗಿದ್ದರು. ಬೆಳಗಿನಿಂದ ಸಂಜೆಯವರೆಗೆ ಫೋನ್ ಎತ್ತಿ, "ಎಲ್ಲಿ ಸೋರ್ತಿದೆ? ಹನಿಯೋ, ಧಾರೆಯೋ?" ಎಂದು ಕೇಳುವುದು, "ನೋಡ್ತೀವಿ" ಎಂದು ಇಡುವುದು. ಈ ಕೆಲಸವನ್ನು ಇಷ್ಟು ವರ್ಷ ಮಾಡಿದ್ದರಿಂದ ಸೋರಿಕೆಯ ವಿಷಯದಲ್ಲಿ ತಮ್ಮನ್ನು ಮೀರಿಸುವವರು ಭೂಮಿಯ ಮೇಲೆ ಇಲ್ಲ ಎಂಬ ನಂಬಿಕೆ ಅವರಲ್ಲಿ ಬೇರೂರಿತ್ತು. ಒಂದೇ ಒಂದು ನಲ್ಲಿಯನ್ನೂ ಅವರು ಕೈಯಾರೆ ಬಿಗಿ ಮಾಡಿದವರಲ್ಲ ಎಂಬ ಸಣ್ಣ ವಿಷಯ ಆ ನಂಬಿಕೆಗೆ ಅಡ್ಡಿ ಬರಲಿಲ್ಲ. ಸಾಲದ್ದಕ್ಕೆ ಮನುಷ್ಯ ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ನಿದ್ದೆಯಲ್ಲೂ ಅವರ ಕಾಲಿನ ಹೆಬ್ಬೆರಳು ಅಲ್ಲಾಡುತ್ತಿರುತ್ತದೆ ಎಂದು ಹೆಂಡತಿಯೇ ಹೇಳುತ್ತಿದ್ದರು.

ಪ್ರಕರಣ ಶುರುವಾದದ್ದು ಊರಾಚೆಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ. ವಿಮಾನಗಳನ್ನು ನಿಲ್ಲಿಸುವ ತಗಡಿನ ಶೆಡ್ಡಿಗೆ ಅಲ್ಲಿ ಹ್ಯಾಂಗರ್ ಎನ್ನುತ್ತಾರೆ. ಸಂಜೆ ಮಗಳು ಅಭ್ಯಾಸ ಮುಗಿಸಿ ವಿಮಾನ ತಂದು ನಿಲ್ಲಿಸಿದ್ದಳು. ಎಂಜಿನ್ನಿನ ಕೆಳಗಿನ ಸಿಮೆಂಟ್ ನೆಲದ ಮೇಲೆ ಕಪ್ಪಗೆ ಒಂದು ಮಡು. ವಿಮಾನದ ಹೊಟ್ಟೆಗೆ ಹೊದಿಸಿ ಬಿಗಿದಿದ್ದ ಬಟ್ಟೆಗೂ ಬಾಲದವರೆಗೆ ಆಯಿಲ್ ಬಳಿದುಕೊಂಡಿತ್ತು. ಕ್ಲಬ್ಬಿನ ಮ್ಯಾನೇಜರ್ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು.

"ಏನ್ರೀ ವಿಮಾನಪ್ನೋರೇ, ಇದು ವಿಮಾನಾನೋ, ಎಣ್ಣೆ ಗಾಣಾನೋ?"

"ಹಳೇದಲ್ವಾ ಸಾರ್, ಸ್ವಲ್ಪ..."

"ಸ್ವಲ್ಪ ಅಂತೀರಾ? ಮುಂದಿನ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರ ಲೈಸೆನ್ಸ್ ಪರೀಕ್ಷಕರು ಬರ್ತಿದಾರೆ. ಅವರು ಎಂಥೋರು ಗೊತ್ತಾ? ವಿಮಾನದ ಕೆಳಗೆ ಒಂದೇ ಒಂದು ಹನಿ ಕಂಡ್ರೂ ಬಂದ ದಾರೀಲೇ ವಾಪಸ್. ಆಮೇಲೆ ಈ ಕಡೆ ತಲೆ ಹಾಕೋದು ಮುಂದಿನ ವರ್ಷ."

ಮಗಳ ಮುಖ ಸಪ್ಪಗಾಯಿತು. ಅರಣ್ಯ ಇಲಾಖೆಯವರು ಬೆಂಕಿ ಕಾಯುವ ವಿಮಾನಕ್ಕೆ ಅವಳನ್ನು ಆರಿಸಿದ್ದರು. ಬೇಸಿಗೆಯೆಲ್ಲ ಕಾಡಿನ ಮೇಲೆ ಸುತ್ತುತ್ತಾ ಎಲ್ಲಿ ಹೊಗೆ ಕಂಡರೂ ಸುದ್ದಿ ಮುಟ್ಟಿಸುವ ಕೆಲಸ. ಚಿಕ್ಕವಳಿದ್ದಾಗಿನಿಂದ ಅವಳು ಬೇರೇನನ್ನೂ ಕೇಳಿದವಳಲ್ಲ. ಲೈಸೆನ್ಸ್ ತೋರಿಸಿದರೆ ಕೆಲಸ, ಇಲ್ಲದಿದ್ದರೆ ಸರದಿಯಲ್ಲಿರುವ ಮುಂದಿನವನಿಗೆ. ಪರೀಕ್ಷೆಗೆ ಬೇರೆ ವಿಮಾನ ಕೇಳೋಣವೆಂದರೆ ಕ್ಲಬ್ಬಿನಲ್ಲಿ ಉಳಿದಿದ್ದ ಇನ್ನೊಂದರ ರೆಕ್ಕೆ ಬಿಚ್ಚಿ ಗೋಡೆಗೆ ಒರಗಿಸಿದ್ದರು.

ಮಗಳ ಮುಖ ನೋಡಿದ ವಿಮಾನಪ್ಪನವರಿಗೆ ತಡೆಯಲಾಗಲಿಲ್ಲ. ಮೆಕ್ಯಾನಿಕ್ ಇದ್ದ, ಕಾವಲಿನವ ಇದ್ದ, ತಮ್ಮ ಜೊತೆ ಬಂದಿದ್ದ ಹೆಂಡತಿಯ ತಮ್ಮನೂ ಇದ್ದ. ಎಲ್ಲರ ಎದುರಿಗೆ ಎದೆ ತಟ್ಟಿಕೊಂಡರು.

"ಸೋರಿಕೆ ತಾನೆ? ಸೋರಿಕೆ ಅಂದ್ರೆ ನಾನು, ನಾನು ಅಂದ್ರೆ ಸೋರಿಕೆ! ಎರಡೇ ದಿನ. ಹಿಡಿದು ಕೊಡ್ತೀನಿ."

ಹೆಂಡತಿಯ ತಮ್ಮ ಲಾರಿ ಕಂಪನಿಯೊಂದರಲ್ಲಿ ಬಿಡಿಭಾಗಗಳ ಮಾರಾಟ ನೋಡಿಕೊಳ್ಳುತ್ತಿದ್ದವ. ಲಾರಿಯಿಂದ ಹಿಡಿದು ಹೊಲಿಗೆಯಂತ್ರದವರೆಗೆ ಯಾವುದೇ ಯಂತ್ರದ ರೋಗವನ್ನು ದೂರದಿಂದಲೇ ಹೇಳಿಬಿಡುತ್ತಿದ್ದ. ಅವನು ಮೂಗಿನಲ್ಲೇ ನಕ್ಕ. "ಭಾವ, ಇದು ನಲ್ಲಿ ಅಲ್ಲ."

ಆ ಮಾತೇ ಸಾಕಾಯಿತು. ಅಲ್ಲಿಂದಾಚೆ ವಿಮಾನಪ್ಪನವರ ಕಾಲು ನೆಲಕ್ಕೆ ತಾಗಲಿಲ್ಲ.

ಮೊದಲು ಮೆಕ್ಯಾನಿಕ್ ತನ್ನ ತೀರ್ಪು ಕೊಟ್ಟ: ಎಂಜಿನ್ನಿನ ಭಾಗಗಳ ನಡುವೆ ಕೂರಿಸುವ ಗ್ಯಾಸ್ಕೆಟ್. ಬದಲಾಯಿಸಿದರು. ಮಾರನೇ ದಿನ ಮಡು ಹಾಗೇ ಇತ್ತು. ಆಮೇಲೆ ಹೆಂಡತಿಯ ತಮ್ಮನ ತೀರ್ಪು: ಪ್ರೊಪೆಲ್ಲರಿನ ಹಿಂದಿನ ಸೀಲು. ಅದನ್ನೂ ಬದಲಾಯಿಸಿದರು. ಮಡು ಇನ್ನಷ್ಟು ಅಗಲವಾಯಿತು. "ನಾನು ಹೇಳಿದ್ದು ಸೀಲೇ, ಆದ್ರೆ ನೀವು ಹಾಕಿಸಿದ ರೀತಿ ಸರಿ ಇಲ್ಲ" ಎಂದು ಅವನು ಕೈ ತೊಳೆದುಕೊಂಡ. ವಿಮಾನಪ್ಪನವರು ಕಂಡ ಕಂಡ ನಟ್ಟನ್ನೆಲ್ಲ ಒಂದು ಸುತ್ತು ಬಿಗಿದರು. ಅವರು ಬಿಗಿದದ್ದನ್ನೆಲ್ಲ ಮೆಕ್ಯಾನಿಕ್ ಬೈದುಕೊಂಡು ಒಂದು ಸುತ್ತು ಸಡಿಲಿಸಿದ.

ಮನೆಯಲ್ಲೂ ನೆಮ್ಮದಿ ಉಳಿಯಲಿಲ್ಲ. ಹನಿ ಎಲ್ಲಿಂದ ಬೀಳುತ್ತದೆಂದು ನೋಡಲು ಅಡುಗೆಮನೆಯ ಅಗಲವಾದ ತಟ್ಟೆಗಳೆಲ್ಲ ಒಂದೊಂದಾಗಿ ಹ್ಯಾಂಗರಿಗೆ ಹೋದವು. ಮನೆಮಂದಿ ಬಟ್ಟಲಿನಲ್ಲಿ ಊಟ ಮಾಡುವ ಸ್ಥಿತಿ ಬಂತು. ವಿಮಾನಪ್ಪನವರ ಬೂಟಿನ ಅಡಿಯಿಂದ ಮೆಟ್ಟಿಲಿನ ಮೇಲೆಲ್ಲ ಕಪ್ಪು ಹೆಜ್ಜೆ. ಮೇಲಿನ ಮನೆಯಾಕೆ ಜಾರಿ, ಕಂಬಿ ಹಿಡಿದು ಹೇಗೋ ಉಳಿದುಕೊಂಡರು.

"ರೀ, ಆ ಬೂಟು ಹೊರಗೆ ಬಿಡಿ ಅಂತ ಎಷ್ಟು ಸಲ ಹೇಳೋದು?" ಎಂದರು ಹೆಂಡತಿ.

"ಬಿಟ್ರೆ ಎಲ್ಲಿಂದ ಅಂಟಿಕೊಳ್ತು ಅಂತ ಗೊತ್ತಾಗಲ್ಲ ಕಣೇ. ಇದು ಸಾಕ್ಷಿ."

"ಸಾಕ್ಷೀನ ನಾನು ಒರೆಸ್ತಾ ಕೂತಿದೀನಲ್ಲ, ಅದಕ್ಕೇನಂತೀರಾ?"

ಎರಡು ದಿನ ಹೋಗಿ ಒಂದು ವಾರವೇ ಕಳೆಯಿತು. ಆಗ ವಿಮಾನಪ್ಪನವರಿಗೆ ಸೋದರಮಾವನ ಹಳೇ ಪತ್ರಿಕೆಯೊಂದರಲ್ಲಿ ದಾರಿ ಕಂಡಿತು. ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಅದರ ಮೇಲೆ ಮೈಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಬೇಕು. ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರೆ ಎಲ್ಲಿ ಸೋರುತ್ತದೋ ಅಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ. ಉಪಾಯ ನಿಜಕ್ಕೂ ಒಳ್ಳೆಯದೇ. ಆದರೆ ತೆಳ್ಳಗೆ ಎಂಬ ಮಾತನ್ನು ಓದುವಷ್ಟು ಹೊತ್ತು ಅವರ ಕಣ್ಣು ಅಲ್ಲಿ ನಿಲ್ಲಲಿಲ್ಲ. ಬೀದಿ ಮೂಲೆಯ ಅಂಗಡಿಗೆ ಓಡಿದರು.

"ಮಕ್ಕಳ ಪೌಡರ್ ಕೊಡಿ."

"ಎಷ್ಟು ಡಬ್ಬಿ?" ಎಂದ ಅಂಗಡಿಯವ.

"ಎಷ್ಟಿದ್ಯೋ ಅಷ್ಟೂ."

ಅಂಗಡಿಯವನ ಕಿವಿ ನೆಟ್ಟಗಾದವು. "ಏನ್ ಸಾರ್, ಮನೇಲಿ ವಿಶೇಷಾನಾ?"

"ಪರೀಕ್ಷೆ ಕಣ್ರೀ, ಪರೀಕ್ಷೆ! ಪಾಪ, ಅದಕ್ಕೆ ಕೆಳಗಡೆ ಒಂದೇ ಸಮನೆ ಸೋರ್ತಿದೆ" ಎಂದು ಹೇಳಿ ವಿಮಾನಪ್ಪ ಚೀಲ ತುಂಬಿಕೊಂಡು ಹೊರಟೇಬಿಟ್ಟರು. ಉಳಿದದ್ದನ್ನು ಅಂಗಡಿಯವ ತಾನೇ ಊಹಿಸಿಕೊಂಡ. ಊಹಿಸಿಕೊಂಡದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಅವನಿಗಿರಲಿಲ್ಲ. ಸಂಜೆಯ ಹೊತ್ತಿಗೆ ಮೇಲಿನ ಮನೆಯಾಕೆ ಉಣ್ಣೆಯ ಪುಟ್ಟ ಕಾಲುಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮೆಟ್ಟಿಲಿನ ಸಿಟ್ಟನ್ನೆಲ್ಲ ಮರೆತಿದ್ದರು.

"ಮುಚ್ಚಿಟ್ಕೊಂಡ್ರಲ್ಲಾ ನೀವು! ಇಷ್ಟು ವಯಸ್ಸಾದ್ಮೇಲೆ ಆದ್ರೇನಂತೆ, ಸಂತೋಷದ ವಿಷಯಾನೇ. ಎಷ್ಟು ತಿಂಗಳು?"

ವಿಮಾನಪ್ಪನವರ ಹೆಂಡತಿ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಎಸೆದರು. "ತಿಂಗಳಲ್ಲ ಅಕ್ಕ, ವರ್ಷ. ನನಗಿಂತ ದೊಡ್ಡದು ಅದು. ರೆಕ್ಕೆ ಬೇರೆ ಇದೆ!"

ಕಾಲುಚೀಲ ಹಿಂದಿರುಗಿತು. ಸುದ್ದಿ ಮಾತ್ರ ಹಿಂದಿರುಗಲಿಲ್ಲ. ಮಗು ಹುಟ್ಟುವಾಗಲೇ ಏನೋ ವಿಚಿತ್ರವಂತೆ ಎಂದು ಬೀದಿಯ ಆ ತುದಿಯವರೆಗೂ ಹೋಯಿತು.

ಅತ್ತ ಕಚೇರಿಯಲ್ಲಿ ವಿಮಾನಪ್ಪನವರ ದೇಹ ಕುರ್ಚಿಯಲ್ಲಿತ್ತು, ಉಳಿದದ್ದೆಲ್ಲ ಹ್ಯಾಂಗರಿನಲ್ಲಿತ್ತು. ಯಾರೋ ಹೆಂಗಸು ಫೋನ್ ಮಾಡಿ, ಅಡುಗೆಮನೆಯ ಪೈಪು ಸೋರುತ್ತಿದೆ ಎಂದರು.

"ಮೊದಲು ಸೀಮೆಎಣ್ಣೇಲಿ ತೊಳೀರಿ ಅಮ್ಮ. ಒಣಗಿದ್ಮೇಲೆ ಮಕ್ಕಳ ಪೌಡರ್ ಹಾಕಿ. ಆಮೇಲೆ ಓಡಿಸಿ ನೋಡಿ."

"ಏನನ್ನ ಓಡಿಸ್ಲಿ?"

"ಎಂಜಿನ್ನು!"

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಮೇಲಧಿಕಾರಿ. "ಏನ್ರೀ ಇದು, ಹೊಸ ಸುತ್ತೋಲೆ ಬಂದಿದ್ಯಾ? ನನ್ನ ಗಮನಕ್ಕೇ ಬಂದಿಲ್ವಲ್ಲ." ವಿಮಾನಪ್ಪ ಇಂಗು ತಿಂದ ಮಂಗನಂತೆ ನಿಂತರು. ಅಧಿಕಾರಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಆ ವಾರವಿಡೀ ರಜೆ ತೆಗೆದುಕೊಳ್ಳಿ ಎಂದರು. ಅದು ಶಿಕ್ಷೆ ಎಂದು ಅವರ ಎಣಿಕೆ. ವಿಮಾನಪ್ಪನವರು ಅವರ ಕೈ ಹಿಡಿದು ಕುಲುಕಿದರು.

ಪೌಡರ್ ಪರೀಕ್ಷೆಯ ದಿನ ನೋಡಲು ಎಲ್ಲರೂ ಬಂದರು. ಎಂಜಿನ್ನು ತೊಳೆದು ಫಳಫಳ ಹೊಳೆಯುತ್ತಿತ್ತು. ವಿಮಾನಪ್ಪ ಒಂದಾದ ಮೇಲೊಂದು ಡಬ್ಬಿ ಸುರಿದರು. ಎಂಜಿನ್ನು ಕಾಣದಂತಾಯಿತು. "ಅಪ್ಪ, ಸಾಕು" ಎಂದಳು ಮಗಳು. "ಇರ್ಲಿ ಇರ್ಲಿ, ಕಡಿಮೆ ಆಗಬಾರ್ದು" ಎಂದು ಕೊನೆಯ ಡಬ್ಬಿಯನ್ನೂ ತಟ್ಟಿ ತಟ್ಟಿ ಖಾಲಿ ಮಾಡಿದರು. ಮಗಳು ಒಳಗೆ ಕೂತಳು. ಎಂಜಿನ್ನು ಕೆಮ್ಮಿತು, ಪ್ರೊಪೆಲ್ಲರ್ ತಿರುಗಿತು. ಹಿಂದೆ ಸಾಲಾಗಿ ನಿಂತಿದ್ದ ಮ್ಯಾನೇಜರ್, ಮೆಕ್ಯಾನಿಕ್, ಹೆಂಡತಿಯ ತಮ್ಮ ಮೂವರೂ ಒಂದೇ ಕ್ಷಣದಲ್ಲಿ ಮಾಯವಾದರು. ಧೂಳು ಇಳಿದ ಮೇಲೆ ಮೂರು ಬಿಳೀ ಬೊಂಬೆಗಳು ಕಣ್ಣು ಪಿಳುಕಿಸುತ್ತಾ ನಿಂತಿದ್ದವು, ಸುತ್ತಮುತ್ತ ಎಳೆಮಗುವಿನ ವಾಸನೆ.

"ರೀ ವಿಮಾನಪ್ಪ!" ಎಂದಿತು ನಡುವಿನ ಬೊಂಬೆ. ಅದು ಮ್ಯಾನೇಜರ್. "ಇನ್ಮೇಲೆ ಈ ಎಂಜಿನ್ ಮೇಲೆ ನಿಮ್ಮ ಕೈ ಬಿದ್ರೆ ನಿಮ್ಮನ್ನ ಗೇಟಿನೊಳಗೇ ಬಿಡಲ್ಲ. ಕೇಳಿಸ್ತಾ?"

ಇಷ್ಟಾದರೂ ಉಪಾಯ ಕೆಲಸ ಮಾಡಿತ್ತು. ಎಂಜಿನ್ನಿನ ಸಂದಿಗೊಂದಿಗಳಲ್ಲಿ ಅಂಟಿ ಉಳಿದಿದ್ದ ಪೌಡರಿನ ಮೇಲೆ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ಗ್ಯಾಸ್ಕೆಟ್ ಸರಿ, ಸೀಲು ಸರಿ. ಆಯಿಲ್ ಇಳಿಯುತ್ತಿದ್ದದ್ದು ಒಂದೇ ಕಡೆಯಿಂದ: ಎಂಜಿನ್ನಿನ ಒಳಗಿನ ಹಬೆ ಹೊರಗೆ ಹೋಗಲೆಂದು ಇಟ್ಟ ಕೊಳವೆಯ ಬಾಯಿಯಿಂದ. ಎಂಜಿನ್ನು ಉಸಿರು ಬಿಡುವ ಕೊಳವೆ ಅದು.

ಮೆಕ್ಯಾನಿಕ್ ಮುಖ ಒರೆಸಿಕೊಂಡು ಬಗ್ಗಿ ನೋಡಿದ. ತಲೆ ಅಲ್ಲಾಡಿಸಿದ. "ಇಲ್ಲಿಂದ ಬರ್ತಿದೆ ಅಂದ್ರೆ ಒಳಗೆ ಪಿಸ್ಟನ್ ರಿಂಗ್ ಸವೆದಿದೆ ಸಾರ್. ಒತ್ತಡ ತಡೀಲಾರ್ದೆ ಆಯಿಲ್ನ ಹೊರಗೆ ತಳ್ತಿದೆ. ಎಂಜಿನ್ ಬಿಚ್ಚಬೇಕು."

"ಶನಿವಾರದೊಳಗೆ?" ಎಂದಳು ಮಗಳು.

"ಶನಿವಾರನಾ? ರಿಂಗ್ ತರಿಸೋಕೇ ಎರಡು ತಿಂಗಳಾಗತ್ತಮ್ಮ."

"ನಾನು ಆವತ್ತೇ ಅಂದ್ಕೊಂಡೆ, ರಿಂಗ್ ಅಂತ" ಎಂದ ಹೆಂಡತಿಯ ತಮ್ಮ. ಅವನ ಕಡೆ ಯಾರೂ ನೋಡಲಿಲ್ಲ.

ಮಗಳು ನಿದ್ದೆ ಹೋದ ಮಗುವಿಗೆ ಹೊದಿಸುವವರ ಹಾಗೆ ವಿಮಾನದ ಮೂಗಿಗೆ ಹೊದಿಕೆ ಹೊದಿಸಿ, ದಾರ ಕಟ್ಟಿ, ತಿರುಗಿ ನೋಡದೆ ಬಸ್‌ಸ್ಟಾಪಿನ ಕಡೆ ನಡೆದಳು. ವಿಮಾನಪ್ಪನವರು ಖಾಲಿ ಪೌಡರ್ ಡಬ್ಬಿಗಳನ್ನು ಹೆಕ್ಕಿ ಚೀಲಕ್ಕೆ ತುಂಬತೊಡಗಿದರು. ಎದೆ ತಟ್ಟಿಕೊಂಡು ಎರಡೇ ದಿನ ಎಂದವರು ತಾವು. ಹುಡುಗಿ ಆ ಮಾತನ್ನು ನಂಬಿದ್ದಳು.

ಶುಕ್ರವಾರ ಮಧ್ಯಾಹ್ನ, ಕ್ಲಬ್ಬಿನವರೆಲ್ಲ ಊಟಕ್ಕೆ ಎದ್ದ ಹೊತ್ತು. ವಿಮಾನಪ್ಪನವರು ಹಿಂದಿನ ಬೇಲಿಯ ಸಂದಿಯಲ್ಲಿ ನುಸುಳಿ ಹ್ಯಾಂಗರಿಗೆ ಬಂದರು. ಕೋಟಿನೊಳಗೆ ಆಯಿಲ್ ಡಬ್ಬಿ. ಅವರ ವಿಚಾರ ಇಷ್ಟೇ: ಪರೀಕ್ಷಕರು ವಾಪಸ್ ಹೋಗುವುದಾದರೆ ಹೋಗಲಿ. ಒಂದು ವೇಳೆ ಮನಸ್ಸು ಮಾಡಿ ಹತ್ತಿ ಕೂತರೋ? ಆಕಾಶದಲ್ಲಿ ಮಗಳಿರುವಾಗ ಎಂಜಿನ್ನು ಒಣಗಬಾರದು. ಈ ಕೆಲಸವೇನೂ ಹೊಸದಲ್ಲ. ಸೋರಿಕೆ ಕಾಣುವ ಮುಂಚಿನಿಂದಲೂ ದಿನವೂ ಮಗಳು ಇಳಿದ ಕೂಡಲೇ ಯಾರಿಗೂ ಕಾಣದ ಹಾಗೆ ಕಡ್ಡಿ ಎಳೆದು ನೋಡುತ್ತಿದ್ದರು. ಎಂಜಿನ್ನಿನಲ್ಲಿ ಆಯಿಲ್ ಎಷ್ಟಿದೆ ಎಂದು ಅಳೆಯಲು ಒಂದು ಉದ್ದನೆಯ ಕಡ್ಡಿ ಇರುತ್ತದೆ. ಅದರಲ್ಲಿ ದಿನವೂ ಕಡಿಮೆಯೇ ಕಾಣುತ್ತಿತ್ತು, ಇವರು ದಿನವೂ ಒಂದಿಷ್ಟು ಸುರಿಯುತ್ತಿದ್ದರು.

ಇನ್ನೇನು ಮುಚ್ಚಳಕ್ಕೆ ಕೈ ಹಾಕಬೇಕು, ಹೊರಗೆ ಹೆಜ್ಜೆ ಸಪ್ಪಳ. ಮ್ಯಾನೇಜರ್ ಕಂಡರೆ ಗೇಟಿನಾಚೆ! ವಿಮಾನಪ್ಪ ಜನ್ಮದಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿ ಮೇಲೆ ಮುಚ್ಚಿಗೆಯಿಲ್ಲದ ಹಿಂದಿನ ಸೀಟಿನಲ್ಲಿ ಮುದುಡಿ ಕೂತರು. ಡಬ್ಬಿಯನ್ನು ತೊಡೆಯ ಮೇಲೆ ಅವುಚಿಕೊಂಡರು.

ಬಂದವನು ಮೆಕ್ಯಾನಿಕ್. ಆಚೆ ಈಚೆ ನೋಡಿ, ಕಪಾಟಿನಿಂದ ಡಬ್ಬಿ ತೆಗೆದು ಎಂಜಿನ್ನಿಗೆ ಗಳಗಳ ಸುರಿದ. "ಆಯಿಲ್ ಸಾಲ್ದೆ ಎಂಜಿನ್ ಸೀಜ್ ಆಗಿ ನಿಂತೋದ್ರೆ ನನ್ನ ಹೆಸರಿಗೇ ಮಸಿ" ಎಂದು ಗೊಣಗಿಕೊಂಡು ಹೋದ.

ಅವನ ಬೆನ್ನಿಗೇ ಹೆಂಡತಿಯ ತಮ್ಮ ಬಂದ. ಲಾರಿ ಕಂಪನಿಯ ಡಬ್ಬಿ ಹಿಡಿದಿದ್ದ. "ಇವರಿಗೆ ಯಾರಿಗೂ ತಲೆ ಇಲ್ಲ. ನಾನೊಬ್ಬ ಹಾಕ್ದೆ ಇದ್ದಿದ್ರೆ ಇದು ಯಾವತ್ತೋ ಸುಟ್ಟು ಹೋಗ್ತಿತ್ತು" ಎಂದು ವಿಮಾನಕ್ಕೇ ಹೇಳುತ್ತಾ ಸುರಿದ.

ಮೂರನೆಯವರು ಸಾಕ್ಷಾತ್ ಮ್ಯಾನೇಜರ್! ಅವರು ಕರವಸ್ತ್ರದಲ್ಲಿ ಡಬ್ಬಿ ಸುತ್ತಿ ತಂದಿದ್ದರು. "ನನ್ನ ಮೈದಾನದಲ್ಲಿ ಬೀಳೋದು ಬೇಡಪ್ಪಾ" ಎಂದು ಮೂರು ಸಲ ಹೇಳಿಕೊಂಡು ಸುರಿದರು.

ಹಿಂದಿನ ಸೀಟಿನಲ್ಲಿ ವಿಮಾನಪ್ಪನವರ ಕಣ್ಣು ಕಣ್ಣುಗುಳಿಯಿಂದ ಹೊರಗೆ ಬಂದಿತ್ತು. ಮ್ಯಾನೇಜರ್ ಇನ್ನೂ ಬಾಗಿಲು ದಾಟಿರಲಿಲ್ಲ, ಅಷ್ಟರಲ್ಲಿ ಪಕ್ಕದ ಸಣ್ಣ ಬಾಗಿಲಿನಿಂದ ನಾಲ್ಕನೆಯವರು ಒಳಗೆ ಬಂದರು. ಸೆರಗಿನ ಮರೆಯಲ್ಲಿ ಅಡುಗೆಮನೆಯ ಹಾಲಿನ ಜಗ್ಗು. ತುಂಬಾ ಆಯಿಲ್.

"ನೀನೂನಾ!" ಎಂದು ವಿಮಾನಪ್ಪ ಎದ್ದು ನಿಂತರು.

ಹೆಂಡತಿ ಕಿಟಾರನೆ ಕಿರುಚಿಕೊಂಡರು. ಜಗ್ಗು ಕೆಳಗೆ ಬಿತ್ತು. ಮ್ಯಾನೇಜರ್ ಓಡಿ ಬಂದರು, ಮೆಕ್ಯಾನಿಕ್ ಊಟದ ಕೈಯಲ್ಲೇ ಬಂದ, ಹೆಂಡತಿಯ ತಮ್ಮ ಗೇಟಿನಿಂದ ವಾಪಸ್ ಬಂದ. ಕಿರುಚಿದ್ದು ಅಮ್ಮನೇ ಎಂದು ಗುರುತಿಸಿ, ಮೈದಾನದ ಅಂಚಿನಲ್ಲಿ ಒಬ್ಬಳೇ ಕೂತಿದ್ದ ಮಗಳೂ ಬಂದಳು.

"ನಿಮಗೆ ಕೈ ಹಾಕಬೇಡಿ ಅಂದಿದ್ದೆ!" ಎಂದು ಮ್ಯಾನೇಜರ್ ಗುಡುಗಿದರು.

"ನಾನೆಲ್ಲಿ ಹಾಕ್ದೆ? ಹಾಕಿದ್ದು ನೀವು! ನಿಮ್ಮ ಮುಂಚೆ ಇವನು. ಅವನ ಮುಂಚೆ ಮೆಕ್ಯಾನಿಕ್ಕು. ಎಲ್ಲಾ ನೋಡಿದೀನಿ!"

"ದಿನಾ ಸ್ವಲ್ಪ ಹಾಕ್ತಿದ್ದೆ, ಅಷ್ಟೇ" ಎಂದ ಮೆಕ್ಯಾನಿಕ್.

"ನಾನೂ ದಿನಾ ಸ್ವಲ್ಪಾನೇ ಭಾವ" ಎಂದ ಹೆಂಡತಿಯ ತಮ್ಮ.

"ನಂದೇನ್ ಮಹಾ, ದಿನಾ ಒಂಚೂರು" ಎಂದರು ಮ್ಯಾನೇಜರ್, ಧ್ವನಿ ಇಳಿಸಿ.

ವಿಮಾನಪ್ಪ ಹೆಂಡತಿಯ ಕಡೆ ತಿರುಗಿದರು. "ನಿನಗೇನೇ ಬಂದಿತ್ತು? ನಿನಗೆ ಎಂಜಿನ್ ಯಾವ ಕಡೆ ಇದೆ ಅಂತಾನೂ ಗೊತ್ತಿರ್ಲಿಲ್ವಲ್ಲ!"

"ಗೊತ್ತು ಮಾಡ್ಕೊಂಡೆ" ಎಂದರು ಹೆಂಡತಿ. ಅವರ ಕಣ್ಣು ತುಂಬಿತ್ತು. "ಅವಳು ಮೇಲಿರೋವಾಗ ನನ್ನ ಕೈಲಿ ಆಗೋದು ಇನ್ನೇನಿದೆ ರೀ? ಕೆಳಗೆ ನಿಂತು ಕತ್ತೆತ್ತಿ ನೋಡೋದು ಬಿಟ್ರೆ? ಇದಾದ್ರೂ ಮಾಡೋಣ ಅಂತ ಮಾಡ್ದೆ."

ಆಗ ಮಗಳು ಮೆಲ್ಲಗೆ ಮೆಕ್ಯಾನಿಕ್ಕನ ಕಡೆ ತಿರುಗಿದಳು.

"ನೀವು ಕಡ್ಡಿ ನೋಡ್ತಿದ್ದದ್ದು ಯಾವಾಗ?"

"ಇಳಿದ ತಕ್ಷಣ."

ಉಳಿದವರೂ ತಕ್ಷಣವೇ ಎಂದರು. ಬೇರೆ ಯಾರಾದರೂ ಬರುವ ಮುಂಚೆ ಮುಗಿಸಬೇಕಿತ್ತಲ್ಲ.

"ಬಿಸಿ ಎಂಜಿನ್ನಲ್ಲಿ ಆಯಿಲ್ ಅರ್ಧ ಮೇಲೇ ಇರತ್ತೆ. ಕೆಳಗಿಳಿಯೋಕೆ ಹೊತ್ತು ಬೇಕು. ಕಡ್ಡೀಲಿ ಕಡಿಮೆ ಕಾಣದೆ ಇನ್ನೇನು? ಬೆಳಿಗ್ಗೆ ನಾನು ನೋಡಿದ್ರೆ ಮೇಲಿನ ಗೆರೆ ದಾಟಿ ಇರ್ತಿತ್ತು. ಅಪ್ಪ ಹಾಕಿರ್ತಾರೆ, ಹಳೇ ಎಂಜಿನ್ಗೆ ಜಾಸ್ತಿ ಇದ್ರೆ ಒಳ್ಳೇದು ಅಂತಾರಲ್ಲ, ಇರ್ಲಿ ಅಂದ್ಕೊಂಡೆ. ಐದು ಜನ ಹಾಕ್ತೀರಾ ಅಂತ ನನಗೆ ಹೇಗೆ ಗೊತ್ತಾಗ್ಬೇಕು?" ಅವಳಿಗೆ ಅಳುವೋ ನಗುವೋ ತಿಳಿಯದ ಹಾಗೆ ಆಗಿತ್ತು. "ಹೊಟ್ಟೆ ತುಂಬಿದ್ಮೇಲೂ ಐದು ಜನ ತುರುಕಿದ್ರೆ ಅದು ಕಕ್ಕದೆ ಏನು ಮಾಡತ್ತೆ? ರಿಂಗೂ ಇಲ್ಲ, ಸೀಲೂ ಇಲ್ಲ. ಇದಕ್ಕೆ ರೋಗಾನೇ ಇಲ್ಲ!"

ಮೆಕ್ಯಾನಿಕ್ ಒಂದು ಕ್ಷಣ ಯೋಚಿಸಿದ. ಮುಖ ಹುಳ್ಳಗೆ ಮಾಡಿಕೊಂಡು ಎಂಜಿನ್ನಿನ ಕೆಳಗೆ ನುಗ್ಗಿ ತಿರುಪು ಸಡಿಲಿಸಿದ. ಹೊರಗೆ ಬಂದ ಆಯಿಲ್ ಹಿಡಿಯಲು ವಿಮಾನಪ್ಪನವರ ಮನೆಯ ತಟ್ಟೆಗಳು ಸಾಲದೆ ಮ್ಯಾನೇಜರರ ಆಫೀಸಿನ ಕಸದ ಬುಟ್ಟಿಯನ್ನೂ ತರಬೇಕಾಯಿತು. ಕಡ್ಡಿಯಲ್ಲಿ ಮೇಲಿನ ಗೆರೆಗಿಂತ ಸ್ವಲ್ಪ ಕೆಳಗೆ ನಿಲ್ಲಿಸಿ ತಿರುಪು ಬಿಗಿದ. ಮಗಳು ಒಂದು ಸುತ್ತು ಹಾರಿ ಬಂದಳು. ವಿಮಾನದ ಹೊಟ್ಟೆ ಒಣಗಿತ್ತು.

ಇನ್ನು ಮಾಡಬೇಕಾದದ್ದು ಒಂದೇ: ಏನನ್ನೂ ಮಾಡದೆ ಇರುವುದು. ಆ ಐವರಿಗೆ ಅದಕ್ಕಿಂತ ಕಷ್ಟದ ಕೆಲಸ ಲೋಕದಲ್ಲಿರಲಿಲ್ಲ. ಒಬ್ಬರಿಗೆ ಇನ್ನೊಬ್ಬರ ಮೇಲೆ ನಂಬಿಕೆ ಇರಲಿಲ್ಲ, ತಮ್ಮ ಮೇಲೆ ತಮಗೂ ಇರಲಿಲ್ಲ. ಕತ್ತಲಾಗುವವರೆಗೂ ವಿಮಾನದ ಸುತ್ತ ಕುರ್ಚಿ ಹಾಕಿಕೊಂಡು ಪರಸ್ಪರರ ಕೈ ಕಾಯುತ್ತಾ ಕೂತರು. ವಿಮಾನಪ್ಪ ಎದ್ದರೆ ನಾಲ್ವರೂ ಎದ್ದು ನಿಲ್ಲುತ್ತಿದ್ದರು. ಕೊನೆಗೆ ಮಗಳು ಎಲ್ಲರನ್ನೂ ಹೊರಗೆ ತಳ್ಳಿ, ಬೀಗ ಹಾಕಿ, ಕೀಲಿಯನ್ನು ತನ್ನ ಜೇಬಿಗೆ ಸೇರಿಸಿದಳು.

ಶನಿವಾರ ಪರೀಕ್ಷಕರು ಬಂದರು. ಕುಳ್ಳಗಿನ, ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಬಿಳೀ ಅಂಗಿ, ಬಿಳೀ ಪ್ಯಾಂಟು. ಯಾರ ನಮಸ್ಕಾರಕ್ಕೂ ನಿಲ್ಲದೆ ನೇರ ವಿಮಾನದ ಹತ್ತಿರ ಹೋಗಿ ಬಗ್ಗಿದರು. ನೆಲ ನೋಡಿದರು. ಎಂಜಿನ್ನಿನ ಕೆಳಗೆ ಬೆರಳಾಡಿಸಿ, ಬೆರಳು ನೋಡಿಕೊಂಡರು. ಮೂಸಿದರು. ಬೆರಳು ಒಣಗಿತ್ತು. ಮ್ಯಾನೇಜರ್ ಹೆಮ್ಮೆಯಿಂದ ಒಂದು ಹೆಜ್ಜೆ ಮುಂದೆ ಬಂದರು.

"ಒಂದು ಹನಿ ಇಲ್ಲ ಸಾರ್."

"ಅದೇ ನೋಡ್ತಿದೀನಿ" ಎಂದರು ಪರೀಕ್ಷಕರು. ಅವರ ಹುಬ್ಬು ಗಂಟಾಗಿತ್ತು. "ಇಷ್ಟು ಹಳೇ ಎಂಜಿನ್ನು. ಒಂದು ಹನೀನೂ ಸೋರ್ತಿಲ್ಲ ಅಂದ್ರೆ ಒಳಗೆ ಆಯಿಲ್ಲೇ ಇಲ್ಲ ಅಂತ ಅರ್ಥ. ನನ್ನ ಸರ್ವಿಸ್ನಲ್ಲಿ ಒಣಗಿದ ಹಳೇ ಎಂಜಿನ್ ನೋಡಿಲ್ಲ. ಇದನ್ನ ನಾನು ಹತ್ತಲ್ಲ."

ಎರಡು ವಾರ ನಿದ್ದೆಗೆಟ್ಟು ಒಣಗಿಸಿದ ಎಂಜಿನ್ನೇ ಈಗ ಮಗಳ ಕೊರಳಿಗೆ ಬಂದಿತ್ತು. ವಿಮಾನಪ್ಪನವರು ಪರೀಕ್ಷಕರ ಎದುರಿಗೆ ಹಾರಿ ನಿಂತರು.

"ಸೋರತ್ತೆ ಸಾರ್! ಆಣೆಗೂ ಸೋರತ್ತೆ! ಎರಡು ವಾರದಿಂದ ಸೋರಿದ್ದೇ ಸೋರಿದ್ದು!"

"ಹೌದು ಸಾರ್, ಗಾಣದ ಥರ!" ಎಂದರು ಮ್ಯಾನೇಜರ್.

"ನಾನೇ ಗ್ಯಾಸ್ಕೆಟ್ ಬದಲಾಯಿಸಿದೀನಿ. ಏನೂ ಪ್ರಯೋಜನ ಆಗ್ಲಿಲ್ಲ!" ಎಂದ ಮೆಕ್ಯಾನಿಕ್, ಪ್ರಶಸ್ತಿ ಬಂದವನ ಹಾಗೆ.

ಹೆಂಡತಿ ಮೂಲೆಯಿಂದ ಕಪ್ಪಾದ ತಟ್ಟೆಗಳನ್ನೆಲ್ಲ ಹೊತ್ತು ತಂದು ಪರೀಕ್ಷಕರ ಕಾಲ ಬಳಿ ಜೋಡಿಸಿದರು. "ನೋಡಿ, ಇದು ಸೋಮವಾರದ್ದು. ಇದು ಮಂಗಳವಾರದ್ದು. ಇದರಲ್ಲಿ ಇನ್ನು ಊಟ ಮಾಡೋ ಹಾಗೇ ಇಲ್ಲ." ಅವರ ತಮ್ಮ ತನ್ನ ಅಂಗಿಯ ಮೇಲಿನ ಕಲೆ ತೋರಿಸಿದ. ಒಂದು ವಿಮಾನ ಸೋರುತ್ತದೆ ಎಂದು ಸಾಬೀತು ಮಾಡಲು ಇಷ್ಟು ಜನ ಇಷ್ಟು ಶ್ರದ್ಧೆಯಿಂದ ದುಡಿದದ್ದು ಹಿಂದೆಂದೂ ಇರಲಾರದು.

ಪರೀಕ್ಷಕರು ಅವರನ್ನೆಲ್ಲ ದಾಟಿ, ತಾವೇ ಕಡ್ಡಿ ಎಳೆದು ನೋಡಿದರು. ಆಯಿಲ್ ಮೇಲಿನ ಗೆರೆಗಿಂತ ಸ್ವಲ್ಪ ಕೆಳಗಿತ್ತು. "ಹೂಂ. ಇದೆ. ಆದ್ರೆ ಪೂರ್ತಿ ಇಲ್ಲ. ಮೇಲಿನ ಗೆರೆವರೆಗೆ ತುಂಬಿಸಿ, ಆಮೇಲೆ ಹತ್ತೋಣ."

ಐದು ಕೈಗಳು ಏಕಕಾಲಕ್ಕೆ ಡಬ್ಬಿಯ ಕಡೆ ಚಾಚಿದವು.

"ಬೇಡ" ಎಂದಳು ಮಗಳು.

ಚಾಚಿದ ಕೈಗಳು ಅಲ್ಲೇ ನಿಂತವು. ಪರೀಕ್ಷಕರು ತಿರುಗಿದರು. ಮ್ಯಾನೇಜರ್ ಕಣ್ಣಲ್ಲೇ ಅವಳನ್ನು ಬೇಡಿಕೊಂಡರು.

"ಬೇಡ ಅಂದ್ಯಾ?"

"ಹೌದು ಸಾರ್. ಗೆರೆವರೆಗೆ ತುಂಬಿಸಿದ್ರೆ ಈ ಎಂಜಿನ್ ಕಕ್ಕತ್ತೆ. ಇದಕ್ಕೆ ಇಷ್ಟು ಸಾಕು. ನಿನ್ನೆ ಹಾರಿಸಿ ನೋಡಿದೀನಿ."

"ನಾನು ಪರೀಕ್ಷಕ ಕಣಮ್ಮ."

"ಹೌದು ಸಾರ್. ಆದ್ರೆ ಹಾರಿಸೋಳು ನಾನು." ಅವಳು ಡಬ್ಬಿಯನ್ನು ದೂರ ಸರಿಸಿದಳು. "ಇವತ್ತು ಇದಕ್ಕೆ ಆಯಿಲ್ ಎಷ್ಟಿರಬೇಕು ಅಂತ ನಾನೇ ಹೇಳ್ಬೇಕು."

ಪರೀಕ್ಷಕರು ಕಡ್ಡಿಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿದರು. ಆಮೇಲೆ ಹಿಂದಿನ ಸೀಟು ಹತ್ತಿ ಬೆಲ್ಟು ಕಟ್ಟಿಕೊಂಡರು.

ವಿಮಾನ ಮೈದಾನದ ಅಂಚು ದಾಟಿ, ಚಿಕ್ಕದಾಗಿ, ಮರಗಳ ಹಿಂದೆ ಹೋಯಿತು. ಕೆಳಗೆ ಐದು ಜನ ಕತ್ತೆತ್ತಿಕೊಂಡು ನಿಂತರು. ವಿಮಾನಪ್ಪನವರು ನಿಲ್ಲಲಾರದೆ ಹ್ಯಾಂಗರಿಗೆ ಸುತ್ತು ಹೊಡೆದರು, ಸುತ್ತು ಸಾಲದೆ ಮೈದಾನಕ್ಕೇ ಹೊಡೆದರು. ಹೆಂಡತಿ ಮಾತ್ರ ಅಲುಗಲಿಲ್ಲ. ಸದ್ದು ಮತ್ತೆ ಕೇಳಿಸಿದಾಗ ಮೊದಲು ಗುರುತಿಸಿದ್ದು ಅವರೇ. "ಅವಳೇ" ಎಂದರು.

ವಿಮಾನ ನೆಲಕ್ಕೆ ಬೆಣ್ಣೆ ಸವರಿದ ಹಾಗೆ ಇಳಿದು ನಿಂತಿತು. ಪರೀಕ್ಷಕರು ಇಳಿದರು. ಐವರೂ ಅವರ ಮುಖ ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಅಂಗಿ ನೋಡಿದರು. ಬಿಳೀ ತೋಳ ತುದಿಯಲ್ಲಿ, ಸಾಸಿವೆಯಷ್ಟು, ಒಂದು ಹನಿ ಆಯಿಲ್.

ಪರೀಕ್ಷಕರೂ ಅದನ್ನು ನೋಡಿಕೊಂಡರು. ಬೆರಳಿಂದ ಮುಟ್ಟಿ, ಬಿಸಿಲಿಗೆ ಹಿಡಿದರು. ಆ ಮುಖದಲ್ಲಿ ಮೊದಲ ಬಾರಿಗೆ ಏನೋ ಸಡಿಲವಾಯಿತು.

"ಹಾಂ. ಈಗ ನಂಬ್ತೀನಿ" ಎಂದರು.

ಅಷ್ಟಕ್ಕೆ ಬಿಡಬೇಕಿತ್ತು. ವಿಮಾನಪ್ಪನವರಿಗೆ ಬಿಡಲಾಗಲಿಲ್ಲ. "ಕ್ಷಮಿಸಿ ಸಾರ್, ಒಂದ್ನಿಮಿಷ ಸಾರ್" ಎನ್ನುತ್ತಾ ಜೇಬಿನಿಂದ ಬಟ್ಟೆ ಎಳೆದು ಪರೀಕ್ಷಕರ ತೋಳು ಹಿಡಿದು ಉಜ್ಜತೊಡಗಿದರು. ಅದು ಎರಡು ವಾರ ಎಂಜಿನ್ನು ಒರೆಸಿದ ಬಟ್ಟೆ. ಹನಿ ಹೋಯಿತು, ಅದರ ಜಾಗದಲ್ಲಿ ಅಂಗೈಯಗಲ ಕಪ್ಪು ಬಂತು. ಗಾಬರಿಯಾಗಿ ಮತ್ತೂ ಉಜ್ಜಿದರು. ಕಪ್ಪು ಮೊಣಕೈವರೆಗೆ ಏರಿತು.

"ಅಪ್ಪಾ! ಬಿಡಿ!" ಎಂದಳು ಮಗಳು.

ಪರೀಕ್ಷಕರು ತೋಳು ಬಿಡಿಸಿಕೊಂಡು ವಿಮಾನಪ್ಪನವರನ್ನು ಮೇಲಿಂದ ಕೆಳಗೆ ಅಳೆದು ನೋಡಿದರು.

"ನಿಮ್ಮ ಮಗಳು ಪಾಸು" ಎಂದರು. "ನೀವು ಫೇಲು."

ಮೊದಲನೆಯ ಮಾತು ಕಿವಿಗೆ ಬಿದ್ದ ಮೇಲೆ ಎರಡನೆಯದನ್ನು ಕೇಳಿಸಿಕೊಳ್ಳಲು ವಿಮಾನಪ್ಪ ಅಲ್ಲಿರಲೇ ಇಲ್ಲ. ಅವರು ಕಪ್ಪು ಕೈಗಳೆರಡನ್ನೂ ಚಾಚಿಕೊಂಡು ಮಗಳ ಕಡೆ ಓಡುತ್ತಿದ್ದರು.